ಆರೈಕೆ ಕೇಂದ್ರದಲ್ಲಿ ಅಮ್ಮನನ್ನು ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಅನ್ನಿಸುತ್ತಿದೆ, ಏನು ಮಾಡಲಿ?

ಪ್ರಶ್ನೆ: ನನ್ನ ಅಮ್ಮನಿಗೆ 79 ವರ್ಷ. ಎರಡು ವರ್ಷದ ಹಿಂದೆ ಸ್ಟ್ರೋಕ್ ಆಗಿ ಬಲಗಡೆಯ ಕೈಕಾಲು ಬಿದ್ದುಹೋದವು. ಮಾತೂ ಸರಿಯಾಗಿ ಬರುವುದಿಲ್ಲ. ಮನೆಯಲ್ಲಿ ನೋಡಿಕೊಳ್ಳಲಾಗದೆ ಆರೈಕೆ ಕೇಂದ್ರಕ್ಕೆ ಸೇರಿಸಿದೆವು. ಮೊದಮೊದಲು ಎಲ್ಲ ಚೆನ್ನಾಗಿತ್ತು. ಈಚೆಗೆ ತುಂಬಾ ಸಣ್ಣಗಾಗಿದ್ದಾರೆ. ಯಾವಾಗ ಹೋದರೂ ಮಂಪರಿನಲ್ಲಿರುತ್ತಾರೆ. ಕಳೆದ ವಾರ ಬಟ್ಟೆ ಬದಲಿಸುವಾಗ ಸೊಂಟದ ಕೆಳಗೆ ಹುಣ್ಣು ಕಂಡಿತು. ಕೇಳಿದರೆ ‘ವಯಸ್ಸಾಯ್ತಲ್ಲ, ಹಾಗೇ ಆಗುತ್ತೆ’ ಎಂದರು. ‘ಜಗಳ ಆಡಿದರೆ ಅಮ್ಮನ ಮೇಲೆ ತೀರಿಸಿಕೊಳ್ಳುತ್ತಾರೆ, ಸುಮ್ನಿರು’ ಅಂತ ತಮ್ಮ ಹೇಳುತ್ತಾನೆ. ಇದು ನಿರ್ಲಕ್ಷ್ಯವೋ, ಕಾಯಿಲೆಯಿಂದ ಆಗುವುದೋ? ನಾನೇನು ಮಾಡಬೇಕು?

ಉತ್ತರ: ಮೊದಲು ಆ ಹುಣ್ಣಿನ ಮಾತು. ಉಳಿದದ್ದಕ್ಕೆ ಒಂದೆರಡು ದಿನ ಸಿಗುತ್ತದೆ, ಇದಕ್ಕೆ ಸಿಗುವುದಿಲ್ಲ. ನೀವು ನೋಡಿ ಆಗಲೇ ಒಂದು ವಾರವಾಗಿದೆ. ಇವತ್ತೇ ಹೋಗಿ, ನರ್ಸ್ ಪಕ್ಕದಲ್ಲಿರುವಾಗ ಇನ್ನೊಮ್ಮೆ ನೋಡಿ. ಹುಣ್ಣಿನಿಂದ ಕೆಟ್ಟ ವಾಸನೆ ಬರುತ್ತಿದೆಯೇ? ಕೀವು ಸೋರುತ್ತಿದೆಯೇ? ಒಳಗೆ ಕಪ್ಪಾಗಿದೆಯೇ? ಸುತ್ತಲಿನ ಚರ್ಮ ಬಿಸಿಯಾಗಿ ಊದಿಕೊಂಡಿದೆಯೇ? ಅಮ್ಮನಿಗೆ ಜ್ವರ, ನಡುಕ, ಏದುಸಿರು ಇದೆಯೇ? ಕರೆದರೂ ಕಣ್ಣು ಬಿಡುತ್ತಿಲ್ಲವೇ? ಇವುಗಳಲ್ಲಿ ಒಂದು ಕಂಡರೂ ಆಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ‘ನಾಳೆ ಡಾಕ್ಟರ್ ಬರುತ್ತಾರೆ’ ಎಂದರೆ ಕಾಯಬೇಡಿ. ವಯಸ್ಸಾದವರಲ್ಲಿ ದೊಡ್ಡ ಸೋಂಕಿದ್ದರೂ ಜ್ವರ ಬಾರದೇ ಇರಬಹುದು. ಮಂಪರು ಜಾಸ್ತಿಯಾಗುವುದೊಂದೇ ಅದರ ಗುರುತಾಗಿರಬಹುದು. ಆಸ್ಪತ್ರೆಯಲ್ಲಿ ಹುಣ್ಣು ಎಲ್ಲಿದೆ, ಎಷ್ಟು ಅಗಲ, ಎಷ್ಟು ಆಳ ಅನ್ನುವುದನ್ನು ಡಾಕ್ಟರ ಕೈಯಲ್ಲಿ ಬರೆಸಿಕೊಳ್ಳಿ. ಮುಂದೆ ಅದು ಬೇಕಾಗುತ್ತದೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಬರೀ ಹುಣ್ಣು ನೋಡಿ ಇದು ನಿರ್ಲಕ್ಷ್ಯ ಅಂತ ಯಾರೂ ಹೇಳಲಾಗದು. ಚೆನ್ನಾಗಿ ನೋಡಿಕೊಂಡರೂ ಕೆಲವರಿಗೆ ಹುಣ್ಣಾಗುತ್ತದೆ, ತೂಕ ಇಳಿಯುತ್ತದೆ. ಕೊನೆಗಾಲದಲ್ಲಂತೂ ದೇಹ ಯಾವ ಆರೈಕೆಗೂ ಬಗ್ಗದೇ ಹೋಗಬಹುದು. ಹಾಗಾಗಿ ನೀವು ಕೇಳಬೇಕಾದ್ದು ನಾಲ್ಕು ಮಾತು. ಅವರು ಮೊದಲೇ ಗಮನಿಸಿದರಾ? ಬರೆದಿಟ್ಟರಾ? ಏನಾದರೂ ಮಾಡಿದರಾ? ನಿಮಗೆ ತಿಳಿಸಿದರಾ? ನಿಮ್ಮ ವಿಷಯದಲ್ಲಿ ಹುಣ್ಣು ಕಂಡದ್ದು ನಿಮಗೆ. ದಿನವೂ ಮೈ ಒರೆಸಿ ಡೈಪರ್ ಬದಲಿಸುವವರ ಕಣ್ಣಿಗೆ ಅದು ಮೊದಲೇ ಬಿದ್ದಿರಬೇಕಿತ್ತು. ಬಿದ್ದೂ ಹೇಳಲಿಲ್ಲವೆಂದರೆ ಅದು ತಪ್ಪು. ಬಿದ್ದೇ ಇಲ್ಲವೆಂದರೆ ಇನ್ನೂ ದೊಡ್ಡ ತಪ್ಪು, ಯಾಕೆಂದರೆ ಯಾರೂ ಅವರ ಮೈ ನೋಡುತ್ತಿಲ್ಲ ಅಂತಾಯಿತು. ‘ವಯಸ್ಸಾಯ್ತು’ ಎಂದು ಅವರು ಹೇಳಬಹುದು, ಆದರೆ ಏನೆಲ್ಲ ಮಾಡಿದೆವು ಅಂತ ಫೈಲ್ ತೋರಿಸಿದ ಮೇಲೆ. ನೀವು ಬರೆದಿರುವುದನ್ನೆಲ್ಲ ಓದಿದಾಗ, ಹುಣ್ಣು, ತೂಕ, ಮಂಪರು ಮೂರೂ ಒಟ್ಟಿಗೆ ಬಂದಿರುವುದು ನನಗೆ ಚಿಂತೆ ತರಿಸುತ್ತದೆ.

ಹಾಸಿಗೆ ಹುಣ್ಣು ಹೇಗಾಗುತ್ತದೆ ಅಂತ ತಿಳಿದರೆ ಯಾವ ಪ್ರಶ್ನೆ ಕೇಳಬೇಕು ಅನ್ನುವುದೂ ತಿಳಿಯುತ್ತದೆ. ಒಂದೇ ಮಗ್ಗುಲಲ್ಲಿ ಮಲಗಿದಾಗ ಮೂಳೆಗೂ ಹಾಸಿಗೆಗೂ ನಡುವೆ ಚರ್ಮ ಸಿಕ್ಕಿಕೊಳ್ಳುತ್ತದೆ. ಅಲ್ಲಿಗೆ ರಕ್ತ ಹರಿಯುವುದು ನಿಲ್ಲುತ್ತದೆ. ನಾವಾದರೆ ನಿದ್ದೆಯಲ್ಲೇ ಹೊರಳುತ್ತೇವೆ. ನಿಮ್ಮ ಅಮ್ಮನಿಗೆ ಅದು ಆಗುವುದಿಲ್ಲ. ತೀರಾ ನಿತ್ರಾಣವಾದವರಲ್ಲಿ ಕೆಲವೇ ಗಂಟೆಗಳಲ್ಲಿ ಚರ್ಮ ಕೆಡಲು ಶುರುವಾಗಬಹುದು. ಅದಕ್ಕೇ ಸುಮಾರು 2 ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ರೂಢಿ. ಕುರ್ಚಿಯಲ್ಲಿ ಕೂರಿಸಿದಾಗ ಇನ್ನೂ ಬೇಗ ಬೇಗ ಭಾರ ಬದಲಿಸಬೇಕು. ಮೂತ್ರದಲ್ಲಿ ನೆನೆದ ಡೈಪರ್, ಮೇಲಕ್ಕೆ ಸರಿಸುವಾಗ ಎತ್ತದೆ ದರದರ ಎಳೆಯುವುದು, ಊಟ ಸಾಲದಿರುವುದು, ಇವೆಲ್ಲ ಸೇರಿದರೆ ಚರ್ಮ ಇನ್ನೂ ಬೇಗ ಒಡೆಯುತ್ತದೆ.

ಹುಣ್ಣನ್ನು 4 ಹಂತಗಳಲ್ಲಿ ಅಳೆಯುತ್ತಾರೆ. ಮೊದಲ ಹಂತದಲ್ಲಿ ಚರ್ಮ ಒಡೆದಿರುವುದಿಲ್ಲ, ಕೆಂಪಾಗಿರುತ್ತದೆ, ಬೆರಳಿನಿಂದ ಒತ್ತಿ ಬಿಟ್ಟರೂ ಆ ಕೆಂಪು ತಿಳಿಯಾಗುವುದಿಲ್ಲ. ಎರಡನೆಯದರಲ್ಲಿ ಮೇಲಿನ ಪದರ ಕಿತ್ತುಬಂದಿರುತ್ತದೆ ಅಥವಾ ಗುಳ್ಳೆ ಎದ್ದಿರುತ್ತದೆ. ಮೂರರಲ್ಲಿ ಕೊಬ್ಬಿನವರೆಗೆ ಗುಂಡಿ. ನಾಲ್ಕರಲ್ಲಿ ಸ್ನಾಯು, ಮೂಳೆ ಕಾಣುತ್ತದೆ. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಈ ‘ಕೆಂಪು’ ಅನ್ನುವುದು ಬಿಳಿ ಚರ್ಮದವರಲ್ಲಿ ಕಾಣುವ ಗುರುತು. ಕಂದು, ಕಪ್ಪು ಚರ್ಮದಲ್ಲಿ ಮೊದಲ ಹಂತ ಕೆಂಪಾಗಿ ಕಾಣದೇ ಹೋಗಬಹುದು. ಸುತ್ತಲಿಗಿಂತ ಕಪ್ಪಾದ ಅಥವಾ ನೇರಳೆ ಬಣ್ಣದ ಜಾಗ, ಮುಟ್ಟಿದರೆ ಬಿಸಿ, ಗಟ್ಟಿ ಅಥವಾ ಮೆತ್ತಗೆ, ಅಮ್ಮನಿಗೆ ಅಲ್ಲಿ ನೋವು, ಇವನ್ನು ಹುಡುಕಿ. ನೋಡಬೇಕಾದ ಜಾಗಗಳು ಬೆನ್ನಿನ ತುದಿ, ಸೊಂಟದ ಎರಡು ಪಕ್ಕ, ಹಿಮ್ಮಡಿ, ಕಾಲಿನ ಗಂಟು, ಮೊಣಕೈ, ಹೆಗಲ ಹಿಂಭಾಗ, ತಲೆಯ ಹಿಂಭಾಗ, ಕಿವಿಯ ಅಂಚು. ಹಿಮ್ಮಡಿಯನ್ನು ಮರೆಯಬೇಡಿ. ಕಾಲುಚೀಲ ಬಿಚ್ಚದೆ ಎಷ್ಟೋ ಹುಣ್ಣುಗಳು ಅಲ್ಲೇ ಬೆಳೆಯುತ್ತವೆ.

ಹುಣ್ಣಾಗುವ ಅಪಾಯ ಯಾರಿಗೆ ಜಾಸ್ತಿ ಅಂತ ಮೊದಲೇ ಹೇಳಬಲ್ಲ ಒಂದು ಅಳತೆ ಇದೆ. ಬ್ರೇಡನ್ ಸ್ಕೇಲ್ ಅಂತ ಅದರ ಹೆಸರು, 1987ರಲ್ಲಿ ಪ್ರಕಟವಾಯಿತು, ಜಗತ್ತಿನ ತುಂಬಾ ನರ್ಸುಗಳು ಬಳಸುತ್ತಾರೆ. ನೋವು ಗೊತ್ತಾಗುತ್ತದೆಯೇ, ಮೈ ಒದ್ದೆಯಾಗಿರುತ್ತದೆಯೇ, ಓಡಾಡುತ್ತಾರೆಯೇ, ಹೊರಳುತ್ತಾರೆಯೇ, ಎಷ್ಟು ತಿನ್ನುತ್ತಾರೆ, ಚರ್ಮ ಎಷ್ಟು ಉಜ್ಜುತ್ತದೆ ಅನ್ನುವ ಆರು ವಿಷಯಕ್ಕೆ ಅಂಕ ಕೊಡುತ್ತಾರೆ. ಒಟ್ಟು 6ರಿಂದ 23. ಅಂಕ ಕಡಿಮೆಯಾದಷ್ಟೂ ಅಪಾಯ ಹೆಚ್ಚು. 18 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಎಚ್ಚರ ವಹಿಸಬೇಕು. ನೀವು ಹೋಗಿ, ‘ಅಮ್ಮನ ಬ್ರೇಡನ್ ಸ್ಕೋರ್ ಎಷ್ಟಿದೆ, ಕೊನೆಯ ಸಲ ಯಾವಾಗ ನೋಡಿದಿರಿ?’ ಅಂತ ಕೇಳಿ. ಬೇರೆ ಅಳತೆ ಬಳಸುತ್ತೇವೆ ಅಂದರೂ ಸರಿಯೇ, ಅದನ್ನೇ ತೋರಿಸಲಿ. ಅಪಾಯ ಇದೆ ಅಂತ ಬರೆದಿಟ್ಟು ಏರ್ ಬೆಡ್ ಆಗಲಿ, ಮಗ್ಗುಲು ಬದಲಿಸುವ ಚಾರ್ಟ್ ಆಗಲಿ ಇಲ್ಲದಿದ್ದರೆ, ಅಥವಾ ಇಂಥ ಲೆಕ್ಕವನ್ನೇ ಇಟ್ಟಿಲ್ಲದಿದ್ದರೆ, ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು.

ತೂಕಕ್ಕೂ ಇಂಥದ್ದೇ ಲೆಕ್ಕ ಇದೆ. ಒಂದು ತಿಂಗಳಲ್ಲಿ ನೂರಕ್ಕೆ 5ರಷ್ಟು ಅಥವಾ ಆರು ತಿಂಗಳಲ್ಲಿ ನೂರಕ್ಕೆ 10ರಷ್ಟು ತೂಕ ಇಳಿದರೆ ಕಾರಣ ಹುಡುಕಲೇಬೇಕು. 50 ಕೆಜಿ ಇದ್ದವರು ತಿಂಗಳಲ್ಲಿ ಎರಡೂವರೆ ಕೆಜಿ ಇಳಿದರೆ ಸಾಕು. ‘ಸಣ್ಣಗಾಗಿದ್ದಾರೆ’ ಅನ್ನುವ ಮಾತಿಗಿಂತ ತೂಕದ ಚಾರ್ಟ್ ಎದುರಿಗಿಟ್ಟರೆ ಮಾತು ಬೇರೆಯಾಗುತ್ತದೆ.

ಆದರೆ ಯಾಕೆ ಇಳಿಯಿತು? ಒಂದು ಊಟದ ಹೊತ್ತಿನಲ್ಲಿ, ಮೊದಲೇ ಹೇಳದೆ ಹೋಗಿ ಕೂತು ನೋಡಿ. ನಿಮ್ಮ ಅಮ್ಮನಿಗೆ ಬಲಗಡೆ ಬಿದ್ದುಹೋಗಿದೆ ಅಂದರೆ ಪೆಟ್ಟಾಗಿರುವುದು ಮೆದುಳಿನ ಎಡಭಾಗಕ್ಕೆ. ಹೆಚ್ಚಿನವರಲ್ಲಿ ಮಾತಿನ ಜಾಗವೂ ಅಲ್ಲೇ ಇದೆ. ಕೆಲವರಿಗೆ ಇದರ ಜೊತೆಗೆ ಬಲಬದಿಯ ನೋಟವೂ ಹೋಗಿರುತ್ತದೆ. ಅಂಥವರ ಬಲಕ್ಕೆ ನೀರಿನ ಲೋಟ ಇಟ್ಟರೆ ಅದು ಅವರಿಗೆ ಕಾಣುವುದೂ ಇಲ್ಲ, ಸಿಗುವುದೂ ಇಲ್ಲ. ಕರೆಗಂಟೆ ಬಲಗಡೆ ನೇತಾಡುತ್ತಿದ್ದರೆ ಇದ್ದೂ ಇಲ್ಲದ ಹಾಗೆ. ಬಾಯಿಬಿಟ್ಟು ಕೂಗುವುದಕ್ಕೂ ಆಗದವರ ಪಾಡು ಯೋಚಿಸಿ. ಹಾಗಾಗಿ ಲೋಟ, ಗಂಟೆ, ಕನ್ನಡಕ ಎಲ್ಲ ಎಡಗಡೆ ಇವೆಯೇ ಅಂತ ನೋಡಿ. ಗಂಟೆ ಒತ್ತಿದರೆ ಎಷ್ಟು ಹೊತ್ತಿಗೆ ಬರುತ್ತಾರೆ ನೋಡಿ. ತಟ್ಟೆ ಮುಂದಿಟ್ಟು ಹೋಗಿ, ಸ್ವಲ್ಪ ಹೊತ್ತಿನ ಮೇಲೆ ಹಾಗೇ ತೆಗೆದುಕೊಂಡು ಹೋಗಿ, ‘ಊಟ ಬೇಡ ಎಂದರು’ ಅಂತ ಬರೆದುಕೊಳ್ಳುತ್ತಾರೆಯೇ? ತುತ್ತು ನುಂಗುವ ಮೊದಲೇ ಇನ್ನೊಂದು ತುತ್ತು ತುರುಕುತ್ತಾರೆಯೇ? ಸ್ಟ್ರೋಕ್ ಆದವರಲ್ಲಿ ನುಂಗುವ ಶಕ್ತಿ ಕುಂದಿರಬಹುದು. ಅರ್ಧ ಮಲಗಿಸಿ ತಿನ್ನಿಸಿದರೆ ಆಹಾರ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ನೇರ ಕೂರಿಸಿ ತಿನ್ನಿಸಬೇಕು, ಊಟದ ಮೇಲೂ ಸುಮಾರು ಅರ್ಧ ಗಂಟೆ ಹಾಗೇ ಕೂರಿಸಬೇಕು. ಊಟ ಮಾಡುವಾಗ ಕೆಮ್ಮು ಬರುತ್ತಿದ್ದರೆ, ದನಿ ನೀರು ತುಂಬಿದ ಹಾಗೆ ಕೇಳಿಸಿದರೆ, ನುಂಗುವ ಪರೀಕ್ಷೆ ಮಾಡಿಸಿ ಅಂತ ಡಾಕ್ಟರನ್ನು ಕೇಳಿ.

ಬಾಯೊಳಗೂ ನೋಡಿ. ನಾಲಿಗೆ ಒಣಗಿ ಬಿರುಕು ಬಿಟ್ಟಿದ್ದರೆ, ಮೂತ್ರ ಗಾಢ ಹಳದಿಯಾಗಿ ಕಡಿಮೆ ಬರುತ್ತಿದ್ದರೆ ನೀರು ಸಾಲುತ್ತಿಲ್ಲ. ವಯಸ್ಸಾದಂತೆ ಬಾಯಾರಿಕೆಯೇ ಗೊತ್ತಾಗದ ಹಾಗಾಗುತ್ತದೆ, ಅವರು ಕೇಳಲಿ ಅಂತ ಕಾಯುವಂತಿಲ್ಲ. ಹಲ್ಲುಗಳ ಮೇಲೆ ದಪ್ಪ ಪಾಚಿ ಕಟ್ಟಿದ್ದರೆ ದಿನಗಟ್ಟಲೆ ಯಾರೂ ಬಾಯಿ ತೊಳೆಸಿಲ್ಲ ಎಂದರ್ಥ. ಉದ್ದ ಉಗುರು, ಜಡೆಗಟ್ಟಿದ ಕೂದಲು, ಬೇರೆಯವರ ಬಟ್ಟೆ, ಸೆಲ್ ಹೋದ ಶ್ರವಣ ಯಂತ್ರ, ಇವೆಲ್ಲ ಸಣ್ಣ ವಿಷಯ ಅಂತ ಬಿಡಬೇಡಿ. ಕಾಣುವ ಜಾಗವನ್ನೇ ನೋಡಿಕೊಳ್ಳದವರು ಹೊದಿಕೆ ಕೆಳಗೆ ಹೇಗೆ ನೋಡಿಕೊಂಡಾರು?

ಇನ್ನು ಮಂಪರು. ಇದಕ್ಕೆ ಸೋಂಕು, ನೀರಿನ ಕೊರತೆ, ಮಲಬದ್ಧತೆ, ಮೂತ್ರ ಕಟ್ಟಿಕೊಳ್ಳುವುದು, ಹೊಸ ಸ್ಟ್ರೋಕ್ ಯಾವುದೂ ಕಾರಣವಿರಬಹುದು. ಡಾಕ್ಟರ್ ನೋಡಲೇಬೇಕು. ಜೊತೆಗೆ ಔಷಧಿ ಚಾರ್ಟ್ ಕೇಳಿ. ರಾತ್ರಿ ಕೂಗುವ, ಕೈ ಎತ್ತುವ ಹಿರಿಯರನ್ನು ಸುಮ್ಮನಿರಿಸಲು ನಿದ್ದೆ ಮಾತ್ರೆ, ಮನೋರೋಗದ ಮಾತ್ರೆ ಕೊಡುವ ಕೇಂದ್ರಗಳಿವೆ. ಕ್ವೆಟಿಯಪಿನ್, ಒಲಾಂಜಪಿನ್, ರಿಸ್ಪೆರಿಡಾನ್, ಹ್ಯಾಲೊಪೆರಿಡಾಲ್ ಎಂಬ ಮನೋರೋಗದ ಮಾತ್ರೆಗಳ ಹೆಸರು ಕಂಡರೆ ಯಾರು ಬರೆದದ್ದು, ಯಾವಾಗ, ಯಾಕೆ, ಯಾವಾಗ ನಿಲ್ಲಿಸುತ್ತೀರಿ ಅಂತ ಕೇಳಿ. ಡಿಮೆನ್ಶಿಯಾ (ಮರೆವಿನ ಕಾಯಿಲೆ) ಇರುವ ಹಿರಿಯರಲ್ಲಿ ಈ ಗುಂಪಿನ ಹೊಸ ಮಾತ್ರೆಗಳು ಸಾವಿನ ಅಪಾಯವನ್ನು ಸುಮಾರು 1.6ರಿಂದ 1.7 ಪಟ್ಟು ಹೆಚ್ಚಿಸುತ್ತವೆ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಎಚ್ಚರಿಸಿತ್ತು. 2008ರಲ್ಲಿ ಹ್ಯಾಲೊಪೆರಿಡಾಲ್‌ನಂಥ ಹಳೆಯ ಮಾತ್ರೆಗಳಿಗೂ ಅದೇ ಎಚ್ಚರಿಕೆ ಸೇರಿಸಿತು. ಕೆಲವರಿಗೆ ಇವು ನಿಜಕ್ಕೂ ಬೇಕಾಗುತ್ತವೆ, ಹಾಗಾಗಿ ನೀವಾಗಿ ನಿಲ್ಲಿಸಬೇಡಿ. ಆದರೆ ಕಾರಣ ಕೇಳುವ ಹಕ್ಕು ನಿಮಗಿದೆ.

ಮೈ ಮೇಲೆ ತರಚು, ಕಂದಿದ ಗುರುತು ಕಂಡರೆ ಗಾಬರಿಯಾಗುವ ಮೊದಲು ಜಾಗ ನೋಡಿ. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರಿಗೆ ಸ್ವಲ್ಪ ತಾಗಿದರೂ ಕೈಕಾಲು ಕಂದುತ್ತದೆ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹಿರಿಯರಲ್ಲಿ ತಾನಾಗಿ ಆದ ಇಂಥ ಗುರುತುಗಳಲ್ಲಿ ನೂರಕ್ಕೆ ಸುಮಾರು 90 ಕೈಕಾಲುಗಳ ಮೇಲೇ ಇದ್ದವು. ಕುತ್ತಿಗೆ, ಕಿವಿ, ಗುಪ್ತಾಂಗ, ಪೃಷ್ಠ, ಅಂಗಾಲಿನಲ್ಲಿ ಒಂದೂ ಇರಲಿಲ್ಲ. ಇಂಥ ಜಾಗಗಳಲ್ಲಿ ಕಂಡರೆ, ಮಣಿಕಟ್ಟಿನ ಸುತ್ತ ಬಟ್ಟೆ ಕಟ್ಟಿದ ಗುರುತಿದ್ದರೆ, ಯಾರೋ ಒಬ್ಬರು ಒಳಗೆ ಬಂದ ತಕ್ಷಣ ಅಮ್ಮ ಮುದುಡಿಕೊಂಡರೆ ಅದು ನಿರ್ಲಕ್ಷ್ಯವನ್ನು ದಾಟಿದ ವಿಷಯ. ಆಗ ಡಾಕ್ಟರ್ ತಪಾಸಣೆಯೂ ಪೊಲೀಸ್ ದೂರೂ ಎರಡೂ ಬೇಕು.

ಅಮ್ಮನನ್ನೇ ಕೇಳಿದ್ದೀರಾ? ಮಾತು ಬಾರದವರಿಗೆ ಏನೂ ತಿಳಿಯುವುದಿಲ್ಲ ಅಂದುಕೊಳ್ಳುವುದು ದೊಡ್ಡ ಅನ್ಯಾಯ. ಎಷ್ಟೋ ಜನರಿಗೆ ಮಾತು ಹೊರಡುವುದಿಲ್ಲ, ಕೇಳಿದ್ದು ಚೆನ್ನಾಗಿ ಅರ್ಥವಾಗುತ್ತದೆ. ಕೇಂದ್ರದವರು ಇಲ್ಲದಾಗ, ಎಡಗೈ ಹಿಡಿದುಕೊಂಡು, ಹೌದು ಅಥವಾ ಇಲ್ಲ ಅಂತ ಉತ್ತರಿಸಬಹುದಾದ ಒಂದೊಂದೇ ಪ್ರಶ್ನೆ ಕೇಳಿ. ಹೌದಾದರೆ ಕೈ ಒತ್ತಲಿ. ಕೆಲವರಿಗೆ ಹೌದು, ಇಲ್ಲ ಅದಲುಬದಲಾಗುತ್ತದೆ. ಅದಕ್ಕೆ ಉತ್ತರ ಗೊತ್ತಿರುವ ಪ್ರಶ್ನೆಯಿಂದ ಶುರುಮಾಡಿ. ನೋವಿದೆಯಾ, ಹಸಿವಾಗಿದೆಯಾ, ರಾತ್ರಿ ಯಾರಾದರೂ ಬರುತ್ತಾರಾ, ಯಾರಿಗಾದರೂ ಹೆದರಿಕೆಯಾ? ಫೋಟೊ ತೆಗೆಯುವ ಮೊದಲೂ ಅವರನ್ನು ಕೇಳಿ. ಹುಣ್ಣಿನ ಪಕ್ಕ ಅಳತೆಪಟ್ಟಿ ಇಟ್ಟು, ತಾರೀಖು ಬರುವಂತೆ ತೆಗೆದು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಡಾಕ್ಟರಿಗೆ, ತನಿಖೆ ಮಾಡುವವರಿಗೆ ತೋರಿಸಲು ಅದು. ನೆಂಟರ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಅದು ನಿಮ್ಮ ಅಮ್ಮನ ಮೈ.

ಒಂದು ನೋಟ್‌ಬುಕ್ ಇಡಿ. ತಾರೀಖು, ಹೊತ್ತು, ಕಂಡದ್ದು, ಯಾರು ಏನು ಹೇಳಿದರು, ಅವರದೇ ಮಾತಿನಲ್ಲಿ. ‘ತುಂಬಾ ಗಲೀಜಾಗಿತ್ತು’ ಅಂತ ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ‘ಸಂಜೆ 5:40ಕ್ಕೆ ಬಂದೆ, ಡೈಪರ್ ತುಂಬಿ ಹಾಸಿಗೆ ಒದ್ದೆಯಾಗಿತ್ತು, 6:30ಕ್ಕೆ ಬದಲಿಸಿದರು’ ಅಂತ ಬರೆದರೆ ಅದು ಸಾಕ್ಷಿ. ಯಾವಾಗಲೂ ಒಂದೇ ಹೊತ್ತಿಗೆ ಹೋಗಬೇಡಿ. ಬೆಳಿಗ್ಗೆ, ಊಟದ ಹೊತ್ತು, ರಾತ್ರಿ ಮಲಗಿಸುವ ಹೊತ್ತು, ರಜಾದಿನ ಹೀಗೆ ಬದಲಿಸಿ. ಜನ ಕಡಿಮೆ ಇರುವ ಪಾಳಿಯಲ್ಲೇ ಕೊರತೆ ಕಾಣುವುದು.

ಆಮೇಲೆ ಫೈಲ್ ಕೇಳಿ. ತೂಕ, ಮಗ್ಗುಲು ಬದಲಿಸಿದ್ದು, ಊಟ ನೀರಿನ ಲೆಕ್ಕ, ಔಷಧಿ, ಹುಣ್ಣಿನ ಡ್ರೆಸ್ಸಿಂಗ್, ಬಿದ್ದ ಘಟನೆ, ಎಲ್ಲದರ ಪ್ರತಿ ಕೇಳಿ. ಅಮ್ಮನ ಪರವಾಗಿ ಸಹಿ ಹಾಕುವ ಅಧಿಕಾರ ನಿಮಗೋ ತಮ್ಮನಿಗೋ ಇದೆಯೇ ಅಂತ ಸೇರಿಸುವಾಗ ಸಹಿ ಮಾಡಿದ ಕಾಗದದಲ್ಲಿ ನೋಡಿಕೊಳ್ಳಿ, ಅವರು ಅದನ್ನೇ ಕೇಳುತ್ತಾರೆ. ಚಾರ್ಟ್ ಕೈಗೆ ಬಂದಾಗ ನಿಧಾನವಾಗಿ ಓದಿ. ಎರಡು ಗಂಟೆಗೊಮ್ಮೆ ತಪ್ಪದೆ, ದಿನವೆಲ್ಲ ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ ಟಿಕ್ ಇದ್ದರೆ ಅದನ್ನು ಒಟ್ಟಿಗೆ ತುಂಬಿರುವ ಸಾಧ್ಯತೆ ಇದೆ. ಇನ್ನೂ ಬಾರದ ಹೊತ್ತಿಗೂ ಟಿಕ್ ಬಿದ್ದಿದೆಯೇ? ನೀವೇ ಪಕ್ಕದಲ್ಲಿ ಕೂತಿದ್ದಾಗ, ಅಮ್ಮ ಕುರ್ಚಿಯಲ್ಲಿದ್ದಾಗ, ‘ಎಡ ಮಗ್ಗುಲಿಗೆ ಮಲಗಿಸಿದೆ’ ಅಂತ ಬರೆದಿದೆಯೇ? ನೋಟ್‌ಬುಕ್ಕನ್ನು ಚಾರ್ಟ್ ಜೊತೆ ಇಟ್ಟು ನೋಡಿದಾಗ ಇಂಥವು ತಾವಾಗಿ ಕಾಣುತ್ತವೆ.

ಮಾತು ಮೊದಲು ಆಡಬೇಕಾದ್ದು ಆ ಪಾಳಿಯ ಹೊಣೆ ಹೊತ್ತ ನರ್ಸ್ ಜೊತೆ. ಮೈ ತೊಳೆಸುವ ಆಯಾ ಮೇಲೆ ಕೂಗಾಡಬೇಡಿ. ಒಬ್ಬಳೇ ಹತ್ತಾರು ಜನರನ್ನು ನೋಡಿಕೊಳ್ಳುತ್ತಿರಬಹುದು, ಅಷ್ಟು ಕಡಿಮೆ ಜನರನ್ನಿಟ್ಟದ್ದು ಅವಳಲ್ಲ. ಅದೇ ದಿನ ಕೇಂದ್ರದ ಮುಖ್ಯಸ್ಥರಿಗೆ ಬರೆದು ಕೊಡಿ, ಪ್ರತಿಯ ಮೇಲೆ ಸಹಿ ಹಾಕಿಸಿಕೊಳ್ಳಿ, ಅಥವಾ ಇಮೇಲ್ ಮಾಡಿ. ಉದ್ದ ಬೇಡ. ಹೀಗಿದ್ದರೆ ಸಾಕು:

‘ಇಂಥ ತಾರೀಖು ಸಂಜೆ ನನ್ನ ತಾಯಿಯ ಸೊಂಟದ ಕೆಳಗೆ ತೆರೆದ ಹುಣ್ಣು ಕಂಡೆ. ಇದನ್ನು ನಮಗೆ ಯಾರೂ ತಿಳಿಸಿರಲಿಲ್ಲ. ಹುಣ್ಣು ಮೊದಲು ಯಾವಾಗ ಕಂಡಿತು, ಯಾರು ದಾಖಲಿಸಿದರು, ಅಂದಿನಿಂದ ಏನು ಚಿಕಿತ್ಸೆ ನಡೆದಿದೆ ತಿಳಿಸಿ. 24 ಗಂಟೆಯೊಳಗೆ ಡಾಕ್ಟರ್ ನೋಡಬೇಕು. ಮಗ್ಗುಲು ಬದಲಿಸುವ, ಊಟ ಮಾಡಿಸುವ ಹೊಣೆ ಪ್ರತಿ ಪಾಳಿಯಲ್ಲಿ ಯಾರದ್ದು ಎಂದು ಬರೆದುಕೊಡಿ. ವಾರಕ್ಕೊಮ್ಮೆ ತೂಕ ತೆಗೆದು ನಮಗೆ ತಿಳಿಸಿ.’

ಉತ್ತರಕ್ಕೆ ಒಂದು ದಿನ ಗೊತ್ತು ಮಾಡಿ. ಆ ದಿನ ದಾಟಿದರೆ ಅಥವಾ ಸುಮ್ನೆ ಸಮಜಾಯಿಷಿ ಬಂದರೆ, ಆ ಕೇಂದ್ರಕ್ಕೆ ಪರವಾನಗಿ ಕೊಡುವ, ತಪಾಸಣೆ ಮಾಡುವ ಇಲಾಖೆಗೆ ಇದೇ ಕಾಗದ, ಫೋಟೊ, ಡಾಕ್ಟರ ಚೀಟಿ ಕಳಿಸಿ. ಬಾಯಿಮಾತಿನ ದೂರು ಮಾರನೇ ದಿನ ಇರುವುದಿಲ್ಲ. ಕೋಣೆಯಲ್ಲಿ ಗುಟ್ಟಾಗಿ ಕ್ಯಾಮೆರಾ ಇಡುವ ಯೋಚನೆ ಬಂದರೆ ಮೊದಲು ವಕೀಲರನ್ನು ಕೇಳಿ. ಇದರ ಕಾನೂನು ಒಂದೊಂದು ಕಡೆ ಒಂದೊಂದು ಥರ. ಪಕ್ಕದ ಹಾಸಿಗೆಯವರ ಮಾನವೂ ಅಲ್ಲಿದೆ, ಅಲ್ವಾ.

ನಿಮ್ಮ ತಮ್ಮನ ಹೆದರಿಕೆಯನ್ನು ತಳ್ಳಿಹಾಕಲಾರೆ. ವಿಶ್ವ ಆರೋಗ್ಯ ಸಂಸ್ಥೆ ಮುಂದಿಟ್ಟ ಅಂಕಿಗಳ ಪ್ರಕಾರ, ಇಂಥ ಕೇಂದ್ರಗಳ ಸಿಬ್ಬಂದಿಯಲ್ಲಿ ಮೂವರಲ್ಲಿ ಇಬ್ಬರು, ಹಿಂದಿನ ಒಂದು ವರ್ಷದಲ್ಲಿ ಹಿರಿಯರನ್ನು ಯಾವುದೋ ಬಗೆಯಲ್ಲಿ ಕೆಟ್ಟದಾಗಿ ನಡೆಸಿಕೊಂಡದ್ದನ್ನು ತಾವೇ ಒಪ್ಪಿಕೊಂಡಿದ್ದಾರೆ. ಸೇಡು ತೀರಿಸಿಕೊಳ್ಳುವುದು ನಡೆಯದ ಮಾತೇನಲ್ಲ. ಆದರೆ ನೀವು ಸುಮ್ಮನಿದ್ದ ಕಾಲದಲ್ಲೇ ಅಮ್ಮನಿಗೆ ಹುಣ್ಣಾಯಿತು ಅನ್ನುವುದನ್ನು ಅವನಿಗೆ ನೆನಪಿಸಿ. ಯಾರೂ ಬಂದು ಕೇಳದವರನ್ನೇ ಹೆಚ್ಚು ಮರೆಯುತ್ತಾರೆ. ಅವನು ಜಗಳ ಆಡಬೇಕಿಲ್ಲ, ಹೋಗಿ ಬರುತ್ತಿದ್ದರೆ ಸಾಕು. ನೀವಿಬ್ಬರೂ ನೆಂಟರಲ್ಲಿ ಇನ್ನೊಬ್ಬಿಬ್ಬರೂ ದಿನ ಹಂಚಿಕೊಳ್ಳಿ. ದೂರಿನ ಕಾಗದಕ್ಕೆ ಇಬ್ಬರೂ ಸಹಿ ಹಾಕಿ. ಚೆನ್ನಾಗಿ ನೋಡಿಕೊಳ್ಳುವ ಆಯಾ ಇದ್ದರೆ ಅವಳ ಹೆಸರು ಹೇಳಿ ಮುಖ್ಯಸ್ಥರ ಮುಂದೆಯೇ ಹೊಗಳಿ. ಒಳಗಿನ ವಿಷಯ ಮೊದಲು ಹೇಳುವವರು ಅವರೇ. ದೂರು ಕೊಟ್ಟ ಮೇಲೆ ಅಮ್ಮನಿಗೆ ಊಟ ತಡವಾದರೆ, ನಿಮ್ಮ ಭೇಟಿಗೆ ಅಡ್ಡಿ ಮಾಡಿದರೆ, ‘ಬೇರೆ ಕಡೆ ನೋಡಿಕೊಳ್ಳಿ’ ಎಂದರೆ ಅದನ್ನೂ ತಾರೀಖು ಹಾಕಿ ಬರೆದಿಟ್ಟು ಇಲಾಖೆಗೆ ತಿಳಿಸಿ.

ಕೇಂದ್ರ ಬದಲಿಸುವುದಾ? ಹುಣ್ಣು ಆಳವಾಗುತ್ತಲೇ ಇದ್ದರೆ, ಚಾರ್ಟ್ ಸುಳ್ಳು ಅಂತ ಗೊತ್ತಾದರೆ, ಕೈ ಮಾಡಿದ್ದು ಕಂಡರೆ ತಡ ಮಾಡದೆ ಬದಲಿಸಿ. ಹಾಗಿಲ್ಲದೆ, ತಪ್ಪು ಒಪ್ಪಿಕೊಂಡು ಬರೆದದ್ದನ್ನು ಮಾಡಿ ತೋರಿಸುತ್ತಿದ್ದರೆ ಒಂದೆರಡು ವಾರ ನೋಡಬಹುದು. ಜಾಗ ಬದಲಾದರೆ ಈ ವಯಸ್ಸಿನವರಿಗೆ ಗೊಂದಲ, ಭಯ ಹೆಚ್ಚಾಗುತ್ತದೆ, ಸುಮ್ಮನೆ ಓಡಾಡಿಸಬಾರದು. ಹೊಸ ಕೇಂದ್ರ ನೋಡಲು ಹೋದಾಗ ಹೂಕುಂಡ, ಟೈಲ್ಸ್ ಬಿಟ್ಟು ರಾತ್ರಿ ಎಷ್ಟು ಜನಕ್ಕೆ ಎಷ್ಟು ಸಿಬ್ಬಂದಿ ಅಂತ ಕೇಳಿ. ಅಲ್ಲಿ ಕೆಲಸ ಮಾಡುವವರು ಎಷ್ಟು ದಿನದಿಂದ ಇದ್ದಾರೆ ಅಂತ ಅವರನ್ನೇ ಕೇಳಿ. ಕರೆಗಂಟೆ ಎಷ್ಟು ಹೊತ್ತು ಬಾರಿಸುತ್ತದೆ ಅಂತ ನಿಂತು ಕೇಳಿಸಿಕೊಳ್ಳಿ. ಹೊರಡುವ ಮೊದಲು ಹಳೆಯ ಫೈಲಿನ ಪೂರ್ತಿ ಪ್ರತಿ ತೆಗೆದುಕೊಳ್ಳಿ. ಹೊಸ ಕಡೆ ತಲುಪಿದ ದಿನವೇ ಅಲ್ಲಿನ ನರ್ಸ್ ಜೊತೆ ನಿಂತು ಅಮ್ಮನ ಮೈ ಪೂರ್ತಿ ನೋಡಿ, ಇರುವ ಪ್ರತಿಯೊಂದು ಗಾಯವನ್ನೂ ಅವರ ಫೈಲಿನಲ್ಲಿ ಬರೆಸಿ. ತೂಕವನ್ನೂ ಅವತ್ತೇ ತೆಗೆಸಿ.